ಪಾದ್ರಿ ಇಲ್ಲ, ಪೀಠ ಇಲ್ಲ, ಇದೆಂಥ ಆರಾಧನೆ?

ಓದುಗರೊಬ್ಬರು ಬರೆದಿದ್ದಾರೆ: "ಗೆಳೆಯನ ಜೊತೆ ಅವನ ಸಭೆಗೆ ಹೋಗಿದ್ದೆ. ಒಂದು ದೊಡ್ಡ ಹಾಲ್, ಸುತ್ತ ಕುರ್ಚಿ, ನಡುವೆ ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸದ ಪಾತ್ರೆ. ಪಾದ್ರಿ ಇಲ್ಲ, ಕ್ವಾಯರ್ ಇಲ್ಲ, ಎಷ್ಟೋ ಹೊತ್ತು ಯಾರೂ ಮಾತೇ ಆಡಲ್ಲ. ಇದನ್ನ ಚರ್ಚ್ ಅನ್ನಬಹುದಾ?"

ಅನ್ನಬಹುದು ಸ್ವಾಮಿ, ಧಾರಾಳವಾಗಿ ಅನ್ನಬಹುದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕಲ್ಲಿ ಚರ್ಚಿಗಿರೋ ಪದ ಎಕ್ಲೇಸಿಯಾ, ಅಂದ್ರೆ ಕರೆದು ಸೇರಿಸಿದ ಜನ. ಕನ್ನಡ ಬೈಬಲಲ್ಲಿ ಅದಕ್ಕೆ 'ಸಭೆ' ಅಂತ ಹಾಕಿದ್ದಾರಲ್ಲ, ಆ ಮಾತು ಕೇಳಿದ್ರೆ ಯಾರಿಗಾದ್ರೂ ಗೋಡೆ ನೆನಪಾಗುತ್ತಾ? ಕೂತಿರೋ ಜನ ತಾನೇ ನೆನಪಾಗೋದು! ಅಕ್ವಿಲ, ಪ್ರಿಸ್ಕ ಅಂತ ಡೇರೆ ಮಾಡೋ ಕಸುಬಿನ ಗಂಡಹೆಂಡತಿ, ಅವರ ಮನೇಲಿ ಕೂಡೋ ಸಭೆಗೆ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಂದನೆ ಹೇಳ್ತಾನೆ. ಸಿರಿಯಾದ ದುರಾ ಯುರೋಪಸಲ್ಲಿ 1930ರ ದಶಕದಲ್ಲಿ ಅಗೆದಾಗ ಸಿಕ್ಕ ಮೂರನೇ ಶತಮಾನದ ಪ್ರಾರ್ಥನಾ ಸ್ಥಳವೂ ಮನೇನೇ, ಎರಡು ಕೋಣೆ ನಡುವಿನ ಗೋಡೆ ಒಡೆದು ಹಾಲ್ ಮಾಡ್ಕೊಂಡಿದ್ರು ಅಷ್ಟೇ.

ದೊಡ್ಡ ದೇವಾಲಯದ ಗಂಟೆ, ಆರ್ಗನ್, ಬರೆದಿಟ್ಟ ಪ್ರಾರ್ಥನೆ, ಇವುಗಳಲ್ಲೂ ಭಕ್ತಿ ಇದೆ, ಇಲ್ಲ ಅನ್ನಲ್ಲ. ಆದ್ರೆ ನೀವು ನೋಡಿ ಬಂದವರ ನಂಬಿಕೆ ಬೇರೆ. ವಿಶ್ವಾಸಿಗಳೆಲ್ಲ ಯಾಜಕರೇ ಅಂತ ಪೇತ್ರನ ಮೊದಲ ಪತ್ರದಲ್ಲಿದೆ, ಅದನ್ನ ಅವರು ಅಕ್ಷರಶಃ ಹಿಡ್ಕೊಂಡಿದ್ದಾರೆ. ನೀವು ಕೂಡಿ ಬಂದಾಗ ಒಬ್ಬೊಬ್ಬರ ಹತ್ರ ಒಂದೊಂದು ಇರುತ್ತೆ, ಒಬ್ಬನದು ಹಾಡು, ಒಬ್ಬನದು ಉಪದೇಶ, ಅಂತ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯ ಹೇಳುತ್ತೆ. ಸಭಾಹಿರಿಯರು ಇರ್ತಾರೆ, ಕುರಿಮಂದೆ ಕಾದ ಹಾಗೆ ನೋಡ್ಕೋತಾರೆ, ಆದ್ರೆ ದೇವರಿಗೂ ಜನಕ್ಕೂ ಮಧ್ಯೆ ನಿಲ್ಲಲ್ಲ, ಆ ಜಾಗ ಕ್ರಿಸ್ತನದ್ದು.

ಆ ಮೌನದ ಬಗ್ಗೆ ನೀವು ಬೇಜಾರಾಗಿ ಬರೆದಿದ್ದು ನನಗೆ ಸ್ವಲ್ಪ ನೋವಾಯ್ತು. ನಾನೂ ಇಂಥದೇ ಒಂದು ಕೂಟದಲ್ಲಿ ಕೂತಿದ್ದೆ, ಹದಿನೈದು ಜನ ಇದ್ರೇನೋ. ಸುಮಾರು ಹೊತ್ತಾದ ಮೇಲೆ ವಯಸ್ಸಾದವರೊಬ್ಬರು ಎದ್ದು, ಓದೋಕೆ ಸರಿಯಾಗಿ ಬರಲ್ಲ ಪಾಪ, ಬೆರಳಿಟ್ಕೊಂಡು ಬೈಬಲಿನ ಒಂದೇ ಒಂದು ವಚನ ಓದಿ ಕೂತ್ರು, ಅದರ ಹಿಂದೇನೇ ಯಾರೋ ಮೆಲ್ಲಗೆ ಹಾಡು ಎತ್ತಿದ್ರು, ಎಲ್ಲರೂ ಸೇರ್ಕೊಂಡ್ರು, ಯೇಸುವಿನ ಕೊನೇ ಊಟದ ನೆನಪಿನ ರೊಟ್ಟಿ ಕೈಯಿಂದ ಕೈಗೆ ಬಂತು. ಎಷ್ಟೋ ಉಪದೇಶ ಮರೆತಿದ್ದೀನಿ, ಆ ಬೆರಳು ಮರೆತಿಲ್ಲ.

ಕಾಣಿಕೆ ಚೀಲ ನಿಮ್ಮ ಮುಂದೆ ಹಿಡೀಲಿಲ್ಲ ಅಂತಾನೂ ಆಶ್ಚರ್ಯಪಟ್ಟಿದ್ದೀರಿ. ಇಂಥ ಕೆಲವು ಸಭೆಗಳಲ್ಲಿ ಹೊಸಬರ ಹತ್ರ ದುಡ್ಡು ಕೇಳಲ್ಲ. 1830ರಲ್ಲಿ ಇಂಗ್ಲೆಂಡಲ್ಲಿ ಬೋಧಕರಾಗಿದ್ದ ಜಾರ್ಜ್ ಮುಲ್ಲರ್ ತಮಗಿದ್ದ ಸಂಬಳಾನೇ ಬಿಟ್ಟರು, ಯಾಕಂದ್ರೆ ಆ ದುಡ್ಡು ಬರ್ತಾ ಇದ್ದದ್ದು ಚರ್ಚಿನ ಆಸನಗಳ ಬಾಡಿಗೆಯಿಂದ, ಕಾಸಿದ್ದವನಿಗೆ ಒಳ್ಳೇ ಜಾಗ, ಬಡವನಿಗೆ ಮೂಲೆ.

ಈಗೇನು ಆಡಂಬರ ಕಮ್ಮಿ ಆಗಿದ್ಯಾ? ಎಲ್ಲಿ ನೋಡಿದ್ರೂ ಸ್ಟೇಜು, ಲೈಟು, ಕಿವಿ ಒಡೆಯೋ ಸೌಂಡು, ಹಾಡೋರು ನಾಲ್ಕೇ ಜನ, ಉಳಿದೋರು ಮೊಬೈಲ್ ಎತ್ಕೊಂಡು ವಿಡಿಯೋ ಮಾಡೋರು. ಬರೀ ಆರಾಧನೆ ಅಲ್ಲ, ಮದುವೆ, ಸಾವು, ಸಾಹಿತ್ಯ ಸಭೆ ಎಲ್ಲದರಲ್ಲೂ ನಾವು ಪ್ರೇಕ್ಷಕರಾಗ್ಬಿಟ್ಟಿದ್ದೀವಿ.

ಗೆಳೆಯನ ಜೊತೆ ಇನ್ನೊಂದ್ ಸಲ ಹೋಗಿ. ಮೌನ ಬಂದಾಗ ಗಡಿಯಾರ ನೋಡ್ಬೇಡಿ. ಆಮೇಲೆ ಬರೀರಿ, ಖಂಡಿತ ಹಾಕ್ತೀನಿ.