ಗುರುತಿಟ್ಟ ಪುಟಗಳನ್ನು ಓದುವುದು ಯಾವಾಗ?

ಪ್ರಶ್ನೆ: ಜರ್ಮನ್ ಕಲಿಯಲೆಂದು ಮುನ್ನೂರಕ್ಕೂ ಹೆಚ್ಚು ಜಾಲಪುಟಗಳನ್ನು ಬುಕ್‌ಮಾರ್ಕ್ ಮಾಡಿಟ್ಟಿದ್ದೇನೆ, ಒಂದನ್ನೂ ಮತ್ತೆ ತೆರೆದು ನೋಡಿಲ್ಲ. ಇವನ್ನು ಕಲಿಕೆಗೆ ಬಳಸುವುದು ಹೇಗೆ?

ಉತ್ತರ: ಕೂಡಿಟ್ಟ ಮಾತ್ರಕ್ಕೆ ಕಲಿತಂತೆ ಅನ್ನಿಸಿಬಿಡುವುದೇ ಇಲ್ಲಿನ ತೊಡಕು. ಪುಟದ ವಿಷಯಕ್ಕಿಂತ ಅದರಿಂದ ಮಾಡಬೇಕಾದ ಕೆಲಸವನ್ನು ಸೂಚಿಸುವ ‘ಹತ್ತು ನಿಮಿಷದ ಓದು’, ‘ಕೇಳಿ ಬರೆಯಲು’ ಎಂಬಂಥ ಟ್ಯಾಗ್‌ಗಳನ್ನು ಕೊಟ್ಟರೆ, ಬಿಡುವಾದಾಗ ಯಾವುದನ್ನು ತೆರೆಯಬೇಕೆಂಬ ಗೊಂದಲ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಬಿಡಿ ಪದವನ್ನಲ್ಲ, ಇಡೀ ವಾಕ್ಯವನ್ನು ಎತ್ತಿಟ್ಟುಕೊಳ್ಳುವುದು. ರೈಲು ಎಂಟಕ್ಕೆ ತಲುಪುತ್ತದೆ ಎನ್ನಲು ಜರ್ಮನ್‌ನಲ್ಲಿ ‘ಡೇರ್ ತ್ಸೂಗ್ ಕೊಮ್ಟ್ ಉಮ್ ಆಖ್ಟ್ ಆನ್’ ಎನ್ನುತ್ತಾರೆ. ‘ಕೊಮ್ಟ್’ ಒಂದನ್ನೇ ನಿಘಂಟಿನಲ್ಲಿ ಹುಡುಕಿದರೆ ‘ಬರುತ್ತದೆ’ ಎಂದಷ್ಟೇ ಸಿಗುತ್ತದೆ. ಕೊನೆಯಲ್ಲಿ ಒಂಟಿಯಾಗಿ ನಿಂತ ‘ಆನ್’ ಜೊತೆಗೂಡಿದಾಗಲೇ ‘ತಲುಪುತ್ತದೆ’ ಎಂಬ ಅರ್ಥ ಹೊರಡುತ್ತದೆ. ಇಂಥ ವಾಕ್ಯಗಳನ್ನು 2006ರಲ್ಲಿ ಬಂದ ಆ್ಯಂಕಿ ತಂತ್ರಾಂಶದ ಫ್ಲ್ಯಾಶ್‌ಕಾರ್ಡ್‌ಗಳಿಗೆ ಸೇರಿಸಿದರೆ, ನಿಮಗೆ ನೆನಪಿರುವುದನ್ನು ತಡವಾಗಿಯೂ ಮರೆತದ್ದನ್ನು ಬೇಗನೆಯೂ ಅದು ಮತ್ತೆ ಮುಂದಿಡುತ್ತದೆ. ಅಂದಹಾಗೆ, ಜಾಲಪುಟಗಳನ್ನು ಆಮೇಲೆ ಓದಲೆಂದು ಉಳಿಸಿಡಲು ಬಹುಜನ ಬಳಸುತ್ತಿದ್ದ ಪಾಕೆಟ್ ಸೇವೆಯೇ 2025ರ ಜುಲೈನಲ್ಲಿ ಮುಚ್ಚಿತು. ಆದ್ದರಿಂದ ಬುಕ್‌ಮಾರ್ಕ್‌ಗಳನ್ನು ಆಗಾಗ ಎಚ್‌ಟಿಎಂಎಲ್ ಕಡತವಾಗಿ ಇಳಿಸಿಟ್ಟುಕೊಳ್ಳಿ. ಆ ಮುನ್ನೂರರಲ್ಲಿ ಬಹುಪಾಲನ್ನು ಅಳಿಸಿಹಾಕಿದರೂ ನಷ್ಟವೇನಿಲ್ಲ.