ಮೂರು ವರ್ಷದ ಮಗುವಿಗೆ ಫ್ಲೂ ಲಸಿಕೆ ಹಾಕಿಸಬೇಕಾ?

ಅಕ್ಕಾ, ಗದಗಿನ ಡಾಕ್ಟರು ಮೂರು ವರ್ಷದ ಮಗಳಿಗೆ ಫ್ಲೂ ಲಸಿಕೆ ಹಾಕಿಸಿ ಅಂದರು, ಅತ್ತೆಯವರು ಅದರಿಂದಲೇ ಫ್ಲೂ ಬರುತ್ತೆ ಅಂತ ಬೇಡ ಅಂತಾರೆ ಅಂದಿರಿ. ದಯವಿಟ್ಟು ಹಾಕಿಸಿ. ಸೂಜಿಯ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಫ್ಲೂ ಬರೋ ಮಾತೇ ಇಲ್ಲ. ಒಂದೆರಡು ದಿನ ಸೂಜಿ ಚುಚ್ಚಿದ ಜಾಗ ನೋಯಬಹುದು, ಮೈ ಬೆಚ್ಚಗಾಗಬಹುದು. 2009ರಲ್ಲಿ ಜಗತ್ತಿಗೆಲ್ಲ ಹಬ್ಬಿದ ಎಚ್1ಎನ್1 ಜಾತಿಯ ವೈರಸ್ಸಿಗೂ ಈಗಿನ ಲಸಿಕೆಯಲ್ಲೇ ರಕ್ಷಣೆ ಇದೆ. ಭಾರತದ ಮಕ್ಕಳ ತಜ್ಞರ ಸಂಘವೂ 6 ತಿಂಗಳಿಂದ 5 ವರ್ಷದವರೆಗೆ ಪ್ರತಿವರ್ಷ ಹಾಕಿಸಿ ಅನ್ನುತ್ತದೆ.

ಮೊದಲ ಸಲ ಅಲ್ವಾ, 4 ವಾರ ಬಿಟ್ಟು ಎರಡನೇ ಡೋಸ್ ಬೇಕೇ ಬೇಕು. ಬಹಳ ಜನ ಇಲ್ಲೇ ತಪ್ಪಿಸುತ್ತಾರೆ. ತಾರೀಖನ್ನು ಲಸಿಕೆ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಸಣ್ಣ ನೆಗಡಿಗೆ ಸುಮ್ನೆ ಮುಂದೂಡಬೇಡಿ, ಜ್ವರ ಜಾಸ್ತಿ ಇದ್ದರೆ ಮಾತ್ರ ಕಾಯಿರಿ. ಹಿಂದೆ ಯಾವುದಾದರೂ ಲಸಿಕೆಗೆ ಜೋರು ಅಲರ್ಜಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.