ಕಾಗದದಲ್ಲಿ ‘ಡಿ’ ಇದೆ, ಬಾಯಲ್ಲಿ ಇಲ್ಲ

ಪ್ರಶ್ನೆ: ನಮ್ಮ ಬಡಾವಣೆಯ ಐದಾರು ಹೆಂಗಸರಿಗೆ ಭಾನುವಾರ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ 35 ದಾಟಿದವರು. ಕನ್ನಡ ಚೆನ್ನಾಗಿ ಓದುತ್ತಾರೆ, ಇಂಗ್ಲಿಷ್ ಅಕ್ಷರ ಗೊತ್ತು. ನಾನು ಕಥೆ ಜೋರಾಗಿ ಓದಿ, ಸಾಲುಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುತ್ತೇನೆ. ಈಗ ಅವರು ಕನ್ನಡಕ್ಕಷ್ಟೇ ಕಾಯುತ್ತಾರೆ. ದೊಡ್ಡವರಿಗೆ ಓದಿ ಹೇಳುವುದೇ ತಪ್ಪಾ? ನನ್ನದೂ ಕಾನ್ವೆಂಟ್ ಇಂಗ್ಲಿಷ್ ಅಲ್ಲ.
– ಓದುಗರೊಬ್ಬರು, ಮೈಸೂರು

ಉತ್ತರ: ಓದುವುದನ್ನು ಬಿಡಬೇಡಿ ಮೇಡಂ, ಸಾಲುಸಾಲಿಗೆ ಅರ್ಥ ಹೇಳುವುದನ್ನು ಬಿಡಿ. ಹಿಂದೆಯೇ ಕನ್ನಡ ಬರುತ್ತೆ ಅಂತ ಗೊತ್ತಿದ್ದರೆ ಇಂಗ್ಲಿಷಿಗೆ ಯಾರು ಕಿವಿ ಕೊಡುತ್ತಾರೆ? ನಾನೂ ಮೊದಲ ವರ್ಷ ಹೀಗೇ ಮಾಡಿದ್ದೆ. ಕೊನೆಗೆ ನನ್ನ ಕನ್ನಡ ಸುಧಾರಿಸಿತ್ತು, ಅವರ ಇಂಗ್ಲಿಷ್ ಅಲ್ಲ.

ಕನ್ನಡ ಓದಿ ರೂಢಿಯಾದವರಿಗೆ ಒಂದು ತೊಡಕಿದೆ. ನಮ್ಮಲ್ಲಿ ಬರೆದದ್ದನ್ನು ಹಾಗೇ ಓದಿದರೆ ಆಯಿತು. ಅದೇ ನಂಬಿಕೆಯಲ್ಲಿ ಬುಧವಾರದ ಇಂಗ್ಲಿಷ್ ಹೆಸರನ್ನು ‘ವೆಡ್ನೆಸ್‌ಡೇ’ ಎಂದು ಓದುತ್ತಾರೆ. ಆಮೇಲೆ ಯಾರಾದರೂ ‘ವೆನ್ಸ್‌ಡೇ’ ಅಂದರೆ ಅದೇ ಪದ ಅಂತ ಹೊಳೆಯುವುದಿಲ್ಲ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ, ‘ಫಟಾಗ್ರಫರ್’ನಲ್ಲಿ ‘ಟಾ’ ಮೇಲೆ. ಕಾಗದ ನೋಡಿದರೆ ಇದು ತಿಳಿಯಲ್ಲ, ಅಲ್ವಾ? ಅದಕ್ಕೇ ನಿಮ್ಮ ದನಿ ಕಿವಿಗೆ ಬೀಳುವಾಗ ಅವರ ಕಣ್ಣೂ ಅದೇ ಸಾಲಿನ ಮೇಲಿರಬೇಕು. ಎಲ್ಲರಿಗೂ ಒಂದೊಂದು ಜೆರಾಕ್ಸ್ ಕೊಡಿ. ಬೆರಳಿಟ್ಟುಕೊಂಡು ಬರಲಿ.

ಕಥೆ ಸ್ವಲ್ಪ ದಿನ ಕಾಯಲಿ. ಮಕ್ಕಳ ಶಾಲೆಯಿಂದ ಬಂದ ಸರ್ಕ್ಯುಲರ್ ತೆಗೆದುಕೊಳ್ಳಿ. ‘ಪೇರೆಂಟ್ಸ್ ಆರ್ ರಿಕ್ವೆಸ್ಟೆಡ್ | ಟು ಕಲೆಕ್ಟ್ ದ ರಿಪೋರ್ಟ್ ಕಾರ್ಡ್ | ಆನ್ ವೆನ್ಸ್‌ಡೇ’ ಎಂದು ಪೆನ್ಸಿಲಿನಲ್ಲಿ ಗೆರೆ ಹಾಕಿ, ಗೆರೆ ಇರುವಲ್ಲಷ್ಟೇ ನಿಲ್ಲಿ. ಒಂದೊಂದೇ ಪದ ಬಿಡಿಸಿ ಓದಬೇಡಿ. ಶಾಲೆಯ ಆಫೀಸಿನಲ್ಲಿ ಯಾರೂ ಹಾಗೆ ಮಾತಾಡಲ್ಲ. ಓದುವ ಮೊದಲೇ ‘ಯಾವ ದಿನ ಹೋಗಬೇಕು, ಹುಡುಕಿ’ ಎಂದು ಕನ್ನಡದಲ್ಲಿ ಕೇಳಿಬಿಡಿ. ಮೊದಲ ಸಲ ತಡೆಯಿಲ್ಲದೆ ಓದಿ. ಎರಡನೇ ಸಲ ಮೂರ್ನಾಲ್ಕು ಪದಕ್ಕೆ ಅರ್ಥ ಹೇಳಿ. ಆಮೇಲೆ ಎಲ್ಲರೂ ನಿಮ್ಮ ಜೊತೆ ಹೇಳಲಿ. ಒಬ್ಬರನ್ನೇ ಎಬ್ಬಿಸಿ ಓದಿಸುವುದು ಈಗಲೇ ಬೇಡ. ನೆರೆಹೊರೆಯವರ ಮುಂದೆ ತಡವರಿಸಿದವರು ಮುಂದಿನ ವಾರ ‘ಮನೆಗೆ ನೆಂಟರು ಬಂದಿದ್ದರು’ ಅನ್ನುತ್ತಾರೆ.

ಇನ್ನು ನಿಮ್ಮ ಉಚ್ಚಾರಣೆ. ಅವರು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೇಳುವುದೂ ನಮ್ಮ ಕಡೆಯ ಇಂಗ್ಲಿಷೇ. ಸುಮ್ನೆ ಫಾರಿನ್ ದನಿ ತರಬೇಡಿ. ‘ಎಗ್’ ಹೋಗಿ ‘ಯೆಗ್’, ‘ಬಸ್’ ಹೋಗಿ ‘ಬಸ್ಸು’ ಆಗದಂತೆ ನೋಡಿಕೊಳ್ಳಿ. ಅನುಮಾನದ ಪದವನ್ನು ಹಿಂದಿನ ರಾತ್ರಿಯೇ ಮೊಬೈಲ್ ಡಿಕ್ಷನರಿಯಲ್ಲಿ ಕೇಳಿಕೊಳ್ಳಿ. ಓದಿದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ. ಸೊಪ್ಪು ಬಿಡಿಸುತ್ತಾ ಇನ್ನೆರಡು ಸಲ ಕೇಳುತ್ತಾರೆ.